ಸೂರ್ಯನಿಗೆ ಬೆನ್ನು ಹಾಕಿ ನಿಂತವರ ಊರಲ್ಲಿ ಅಪ್ಪಯ್ಯನ ಜೊತೆ ನಾಲ್ಕು ದಿನ

ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳೀಲಿ ಬೋಟ್ ಕಡಲಿಗಿಳಿಯೋ ಹಾಗಿಲ್ಲ, 61 ದಿನ ಬಂದ್, ಗಂಗೊಳ್ಳಿ ಬಂದರಲ್ಲಿ ಬೋಟೆಲ್ಲ ಸಾಲಾಗಿ ಕಟ್ಟಿಹಾಕಿ ಮೇಲೆ ಟಾರ್ಪಾಲ್ ಹೊದ್ದು ಮಳೆಯಲ್ಲಿ ನೆನೀತಾ ಇರ್ತವೆ. ಅಪ್ಪಯ್ಯ ಬೋಟಿಗೆ ಹೋಗೋದು ಬಿಟ್ಟು ಆರು ವರ್ಷ ಆಯ್ತು, ಆದ್ರೂ ಸೀಸನ್‌ನಲ್ಲಿ ದಿನಾ ಬೆಳಿಗ್ಗೆ ಬಂದರಿಗೆ ಹೋಗಿ ಹರಾಜು ನೋಡದಿದ್ರೆ ಅವ್ರಿಗೆ ಕಾಫಿ ಇಳಿಯಲ್ಲ, ಹಾಗಾಗಿ ಡೆನ್ಮಾರ್ಕಿಗೆ ಕರ್ಕೊಂಡು ಬರೋದಾದ್ರೆ ಈ ಎರಡು ತಿಂಗಳಲ್ಲೇ ಕರ್ಕೊಂಡು ಬರಬೇಕಿತ್ತು. ಅಮ್ಮ "ದನ ಯಾರ್ ಕಾಂಬುದ್" ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ರು. ಅಪ್ಪಯ್ಯ ಒಬ್ರೇ ಬಂದ್ರು, ಬ್ಯಾಗಲ್ಲಿ ಅರ್ಧ ಕುಚಲಕ್ಕಿ ಇನ್ನರ್ಧ ಒಣ ಸಿಗಡಿ.

ನಾವಿರೋದು ಆರ್ಹುಸ್‌ನಲ್ಲಿ. ನನ್ನ ಹೆಂಡ್ತಿಗೆ ವಾಟರ್ ಕಲರ್ ಹುಚ್ಚು, ಎರಡು ವರ್ಷದಿಂದ ಸ್ಕಾಗೆನ್ ಸ್ಕಾಗೆನ್ ಅಂತ ಒಂದೇ ಸಮ ಹೇಳ್ತಾ ಇದ್ಲು (ಬರೆಯೋದು ಸ್ಕಾಗೆನ್, ಅಲ್ಲಿಯವ್ರ ಬಾಯಲ್ಲಿ ಅದು "ಸ್ಕೇಯ್ನ್" ಥರ ಏನೋ ಆಗತ್ತೆ, ನಂಗೆ ಇನ್ನೂ ಬಂದಿಲ್ಲ). ಡೆನ್ಮಾರ್ಕಿನ ತುತ್ತತುದಿಯ ಮೀನುಗಾರರ ಊರು, 1870-80ರ ಸುಮಾರಿಗೆ ಒಂದಷ್ಟು ಚಿತ್ರಕಾರರು ಅಲ್ಲಿಗೆ ಹೋಗಿ ಠಿಕಾಣಿ ಹೂಡಿದ್ರು, ಅಲ್ಲಿಯ ಮುಸ್ಸಂಜೆ ನೀಲಿ ಬೆಳಕನ್ನ ಬರೆದು ಬರೆದು ಫೇಮಸ್ ಆದ್ರು, ಅದರಲ್ಲಿ ಕ್ರೊಯರ್ ಅನ್ನೋನು ಜಾಸ್ತಿ ಫೇಮಸ್. ಅವಳಿಗೆ ಆ ನೀಲಿ ನೋಡಬೇಕು, ಅಪ್ಪಯ್ಯಂಗೆ ಬಂದರು ನೋಡಬೇಕು, ನಂಗೆ ಡ್ರೈವ್ ಮಾಡಬೇಕು. ರೂಮು ಮಾರ್ಚಲ್ಲೇ ಬುಕ್ ಮಾಡಿದ್ದು ಒಳ್ಳೇದಾಯ್ತು, ಜೂನ್ 23ರ ಸಾಂಕ್ಟ್ ಹಾನ್ಸ್ ಅನ್ನೋ ಬೇಸಿಗೆಯ ಬೆಂಕಿ ಹಬ್ಬದ ಹೊತ್ತಿಗೆ ಕೊನೇ ಗಳಿಗೇಲಿ ಅಲ್ಲಿ ರೂಮು ಸಿಗೋದು ಕಷ್ಟ.

ಮೊದಲನೇ ದಿನ, ಶನಿವಾರ

ಆರ್ಹುಸ್‌ನಿಂದ ಉತ್ತರಕ್ಕೆ ಇನ್ನೂರು ಚಿಲ್ಲರೆ ಕಿಲೋಮೀಟರ್, ಫ್ರೆಡರಿಕ್ಸ್‌ಹಾವ್ನ್ ತನಕ ಹೈವೇ. ಅಲ್ಲಿವರೆಗೆ ಅಪ್ಪಯ್ಯ ಮಂಕಿ ಕ್ಯಾಪ್ ಹಾಕ್ಕೊಂಡು ನಿದ್ದೆ. ಅಲ್ಲಿಂದ ಮುಂದೆ ರಸ್ತೆ ಸಣ್ಣದಾಗತ್ತೆ, ಎರಡೂ ಕಡೆ ಮರಳು ದಿಬ್ಬ, ಕುಳ್ಳ ಪೈನ್ ಮರ, ಹುಲ್ಲು. ಮ್ಯಾಪ್ ನೋಡಿದ್ರೆ ಗೊತ್ತಾಗತ್ತೆ, ನೆಲ ಸಪೂರ ಆಗ್ತಾ ಆಗ್ತಾ ಬಾಲದ ಥರ ಸಮುದ್ರದೊಳಗೆ ಚಾಚಿದೆ, ಬಲಕ್ಕೂ ಕಡಲು ಎಡಕ್ಕೂ ಕಡಲು. ಎಚ್ಚರ ಆದ ಅಪ್ಪಯ್ಯಂಗೆ ಮ್ಯಾಪ್ ತೋರಿಸಿದ್ರೆ "ಮರವಂತಿ" ಅಂದ್ರು. ಸರಿನೇ, ಮರವಂತೇಲಿ ಒಂದು ಕಡೆ ಕಡಲು ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ ನಡುವೆ ಹೈವೇ.

ಊರೊಳಗೆ ಮನೆಗಳೆಲ್ಲ ಒಂದೇ ಹಳದಿ, ಮೊಟ್ಟೆ ಹಳದಿಗಿಂತ ಸ್ವಲ್ಪ ಗಾಢ, ಮೇಲೆ ಕೆಂಪು ಹಂಚು, ಹಂಚಿನ ಅಂಚಿಗೆ ಬಿಳಿ ಬಣ್ಣ. ಹಂಚಿನ ಮಾಡು ನೋಡಿ ಅಪ್ಪಯ್ಯಂಗೆ ಖುಷಿ. ಬ್ಯಾಗ್ ರೂಮಲ್ಲಿ ಎಸೆದು ಸೀದಾ ಬಂದರಿಗೆ ಹೋದ್ವಿ.

ಬಂದರು ದೊಡ್ಡದಿದೆ ಅಂತ ಓದಿದ್ದೆ, ಡೆನ್ಮಾರ್ಕಿನ ಅತಿ ದೊಡ್ಡ ಮೀನುಗಾರಿಕೆ ಬಂದರು ಇದೇ, ಆದ್ರೆ ಅಷ್ಟು ದೊಡ್ಡ ಬೋಟ್ ಇರತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಬೋಟ್ ಅನ್ನೋದು ತಪ್ಪು, ಹಡಗೇ. ಹೆರಿಂಗ್, ಬಂಗುಡೆ ಜಾತಿಯ ಮೀನು ಹಿಡಿಯೋ ನೀಲಿ ಬಣ್ಣದ ದೈತ್ಯಗಳು, ಅದರ ಪಕ್ಕ ಮರದ ಸಣ್ಣ ಬೋಟ್‌ಗಳು ಮಕ್ಕಳ ಆಟಿಕೆ ಥರ. ಗಾಳಿ ತಿರುಗಿದಾಗ ಒಂದು ವಾಸನೆ ಬಂತು ನೋಡಿ, ನಾನೂ ಅಪ್ಪಯ್ಯನೂ ಒಟ್ಟಿಗೆ ತಲೆ ಎತ್ತಿದ್ವಿ. ಫಿಶ್‌ಮಿಲ್! ಹೆಂಡ್ತಿ ಮೂಗು ಮುಚ್ಕೊಂಡ್ಲು, ಅವಳು ಧಾರವಾಡದವಳು, ನಮ್ಮಿಬ್ರಿಗೆ ಮಾತ್ರ ಊರಿಗೆ ಬಂದ ಹಾಗಾಯ್ತು.

ಹಳೇ ಬಂದರಿನ ದಡದಲ್ಲಿ ಕೆಂಪು ಬಣ್ಣದ ಮರದ ಗೋದಾಮುಗಳ ಸಾಲು ಇದೆ, ಬಿಂದೆಸ್ಬೋಲ್ ಅನ್ನೋ ಆರ್ಕಿಟೆಕ್ಟ್ ಡಿಸೈನ್ ಮಾಡಿದ್ದು, ಮೊದಲು ಮೀನು ಇಡೋ ಜಾಗ, ಈಗ ಎಲ್ಲ ಮೀನಿನ ಹೋಟೆಲ್ಲು. ಅಲ್ಲಿ ಕೂತು ಫ್ರೈ ಮಾಡಿದ ಚಪ್ಪಟೆ ಮೀನು ತಗೊಂಡ್ವಿ, ಪ್ಲೇಟ್ ಬಂದ ತಕ್ಷಣ ಅಪ್ಪಯ್ಯ ತಿರುಗಿಸಿ ನೋಡಿ "ಇದ್ ನಂಗ್ ಅಲ್ದಾ?" ಅಂದ್ರು. ನಂಗ್ ಅಂದ್ರೆ ನಮ್ಮ ಕಡೆಯ ಸಣ್ಣ ಚಪ್ಪಟೆ ಮೀನು, ಇದು ಅದಲ್ಲ, ಅದರ ದೊಡ್ಡಣ್ಣ. ಉಪ್ಪು ಖಾರ ಎರಡೂ ಇಲ್ಲ ಅಂತ ಜೇಬಿಂದ ಉಪ್ಪಿನಕಾಯಿ ಸ್ಯಾಶೆ ತೆಗೆದ್ರು, ವಿಮಾನದಲ್ಲಿ ಕೊಟ್ಟಿದ್ದನ್ನ ಜೋಪಾನ ಮಾಡಿ ಇಟ್ಕೊಂಡಿದ್ರಂತೆ. ಹೆರಿಂಗ್ ಉಪ್ಪಿನಕಾಯಿ ಥರ ಮಾಡಿದ್ದನ್ನೂ ಕಪ್ಪು ರೈ ಬ್ರೆಡ್ ಮೇಲೆ ಟ್ರೈ ಮಾಡಿದ್ರು, ಮೀನಿಗೆ ಸಕ್ಕರೆ ಹಾಕಿದಾರೆ ಅಂತ ಗೊತ್ತಾದಾಗ ಅವರ ಮುಖ ನೋಡಬೇಕಿತ್ತು. ಒಂದು ಮಾತು, ಹಿರಿಯರನ್ನ ಕರ್ಕೊಂಡು ಹೋದ್ರೆ ಬಿಲ್ಲನ್ನ ರೂಪಾಯಿಗೆ ಕನ್ವರ್ಟ್ ಮಾಡಿ ಹೇಳಬೇಡಿ, ನಾನು ಹೇಳಿಬಿಟ್ಟೆ, ಆಮೇಲೆ ಅವರು ರಾತ್ರಿ ಊಟಕ್ಕೆ ರೂಮಲ್ಲೇ ಗಂಜಿ ಅಂತ ಹಟ ಹಿಡಿದ್ರು. ಎದ್ದು ಹೊರಡೋ ಹೊತ್ತಿಗೆ ಒಂದು ಕಡಲಹಕ್ಕಿ ಸೀದಾ ಬಂದು ಪಕ್ಕದ ಟೇಬಲ್ಲಿನ ಹೆಂಗಸಿನ ಕೈಯಿಂದ ಮೀನಿನ ವಡೆ ಕಿತ್ಕೊಂಡು ಹೋಯ್ತು. ಅಪ್ಪಯ್ಯ ಇಡೀ ದಿನದಲ್ಲಿ ನಕ್ಕಿದ್ದು ಆಗಲೇ.

ಸಂಜೆ ಎಲ್ರೂ ಹೋಗೋ ಜಾಗ ಗಾಮೆಲ್ ಸ್ಕಾಗೆನ್, ಅಂದ್ರೆ ಹಳೇ ಸ್ಕಾಗೆನ್, ಪಶ್ಚಿಮದ ದಡ. ಸೂರ್ಯ ಮುಳುಗೋದು ರಾತ್ರಿ ಹತ್ತೂ ಕಾಲರ ಮೇಲೆ! ವೈನ್ ಹಿಡ್ಕೊಂಡು, ಕಂಬಳಿ ಹೊದ್ದು ಜನ ಸಾಲಾಗಿ ಪಡುವಣಕ್ಕೆ ಮುಖ ಮಾಡಿ ಕೂತಿದ್ರು. ಕೆಂಪಗೆ ದುಂಡಗೆ ಚೆನ್ನಾಗೇ ಮುಳುಗಿತು. ಅಪ್ಪಯ್ಯ ಮುಂಡಿನ ಮೇಲೆ ಜಾಕೆಟ್ ಹಾಕ್ಕೊಂಡು ನಡುಗ್ತಾ ನಿಂತಿದ್ರು. "ಹೊತ್ತ್ ಕಂತೂದ್ ಕಾಂಬುಕೆ ಇಷ್ಟ್ ದೂರ ಬರ್ಕಾ, ಇದ್ ನಮ್ಮಲ್ಲೂ ಇತ್ತಲೆ." ನಂಗೆ ಉತ್ತರ ಇರ್ಲಿಲ್ಲ.

ಎರಡನೇ ದಿನ, ಭಾನುವಾರ

ಬೆಳಿಗ್ಗೆಯಿಂದ ಮಳೆ. ನಮ್ಮ ಜೂನ್ ಮಳೆ ಅಲ್ಲ, ಅದು ಮುಖಕ್ಕೆ ಸ್ಪ್ರೇ ಹೊಡೆದ ಹಾಗೆ ಅಡ್ಡಡ್ಡ ಬರತ್ತೆ, ಕೊಡೆ ತಗೊಂಡು ಹೋದ್ರೆ ಎರಡೇ ನಿಮಿಷದಲ್ಲಿ ಮಗುಚಿ ಟುಲಿಪ್ ಹೂವಾಗತ್ತೆ. ರೇನ್ ಜಾಕೆಟ್ ತಗೊಂಡು ಹೋಗಿ. ಮ್ಯೂಸಿಯಂಗೆ ಹೇಳಿ ಮಾಡಿಸಿದ ದಿನ.

ಈ ಮ್ಯೂಸಿಯಂ 1908ರಲ್ಲಿ ಶುರುವಾಗಿದ್ದೇ ಬ್ರೊಂಡುಮ್ ಅನ್ನೋ ಹೋಟೆಲಿನ ಊಟದ ಕೋಣೇಲಿ. ಚಿತ್ರಕಾರರೆಲ್ಲ ಉಳ್ಕೋತಿದ್ದದ್ದು, ಉಣ್ತಿದ್ದದ್ದು, ಸಾಲ ಹೇಳ್ತಿದ್ದದ್ದು ಅಲ್ಲೇ. ಆ ಊಟದ ಕೋಣೆಯನ್ನೇ ಹಾಗೇ ಎತ್ತಿ ತಂದು ಈಗಿನ ಮ್ಯೂಸಿಯಂ ಒಳಗೆ ಜೋಡಿಸಿದಾರೆ, ಗೋಡೆ ಮರದ ಹಲಗೆಗಳ ನಡುವೆ ಒಬ್ಬರು ಇನ್ನೊಬ್ಬರದ್ದು ಬರೆದ ಮುಖಗಳು. ಆ ಹೋಟೆಲಿನವರ ಮಗಳೇ ಅನಾ ಆಂಕರ್, ಹುಟ್ಟಿದ್ದು 1859ರಲ್ಲಿ, ದೊಡ್ಡ ಹೆಸರಿನ ಆ ಗುಂಪಲ್ಲಿ ಇದೇ ಊರಲ್ಲಿ ಹುಟ್ಟಿದವಳು ಇವಳೊಬ್ಬಳೇ. ಬಾಕಿಯವ್ರೆಲ್ಲ ಹೊರಗಿಂದ ಬಂದವ್ರು. ಅವಳ ಗಂಡ ಮಿಕಾಯೆಲ್ ಆಂಕರ್ 1874ರಲ್ಲಿ ಬಂದ, ಕ್ರೊಯರ್ 1882ರಲ್ಲಿ. ಕ್ರೊಯರ್ ಹುಟ್ಟಿದ್ದು ನಾರ್ವೇಲಿ, ಬೆಳೆದಿದ್ದು ಕೋಪನ್‌ಹೇಗನ್‌ನಲ್ಲಿ.

ಒಳಗೆ ಹೋಗೋ ಮುಂಚೆ ಅಪ್ಪಯ್ಯ ಹೊರಗಿನ ಬೆಂಚ್ ಮೇಲೆ ಕೂತ್ಕೋತೀನಿ ಅಂದಿದ್ರು. ಮಳೆ ಇದ್ದದ್ದಕ್ಕೆ ಬಂದ್ರು ಅಷ್ಟೇ. ಎರಡನೇ ಕೋಣೆಗೋ ಮೂರನೇದಕ್ಕೋ ಬಂದಾಗ ತಿರುಗಿ ನೋಡಿದ್ರೆ ಅಪ್ಪಯ್ಯ ಇಲ್ಲ. ಹಿಂದೆ ಹೋಗಿ ನೋಡಿದ್ರೆ ಒಂದು ದೊಡ್ಡ ಚಿತ್ರದ ಎದುರು ಕೈ ಹಿಂದೆ ಕಟ್ಟಿ ನಿಂತಿದಾರೆ, ಗಾರ್ಡ್ ಹೆಂಗಸು ಇವ್ರನ್ನೇ ನೋಡ್ತಾ ನಿಂತಿದಾಳೆ, ಯಾಕಂದ್ರೆ ಇವ್ರ ಮೂಗು ಕ್ಯಾನ್ವಾಸ್‌ಗೆ ತಾಗೋದೊಂದು ಬಾಕಿ.

ಕ್ರೊಯರ್ 1883ರಲ್ಲಿ ಬರೆದ ಚಿತ್ರ. ಉತ್ತರದ ದಡ, ಇಳಿ ಹೊತ್ತು, ಮೀನುಗಾರರು ಬಲೆ ಎಳೀತಾ ಇದಾರೆ. ದಡದಿಂದ ಬಲೆ ಬಿಟ್ಟು ದಡಕ್ಕೇ ಎಳೆಯೋದು, ಅಂದ್ರೆ ನಮ್ಮ ರಂಪಣಿ. ಸಾಲಾಗಿ ಗಂಡಸರು, ಮೈ ಬಾಗಿಸಿ ಹಗ್ಗಕ್ಕೆ ಜೋತು ಬಿದ್ದಿದಾರೆ, ಮರಳ ಮೇಲೆ ಸಂಜೆಯ ಉದ್ದ ನೆರಳು.

ನಮ್ಮಜ್ಜ ರಂಪಣಿಯವ್ರು. ಅಪ್ಪಯ್ಯನೂ ಹನ್ನೆರಡು ವರ್ಷಕ್ಕೇ ಶಾಲೆ ಬಿಟ್ಟು ಹಗ್ಗ ಹಿಡಿದವರು. ಕಡಲಲ್ಲಿ ಮೀನಿನ ಹಿಂಡು ಬಂದ್ರೆ ನೀರಿನ ಬಣ್ಣ ಬದಲಾಗತ್ತೆ, ಅದನ್ನ ದಡದಿಂದಲೇ ಗುರುತು ಹಿಡಿಯೋರಿಗೆ ಊರಲ್ಲಿ ಬೇರೇನೇ ಮರ್ಯಾದೆ, ಅವರು ಕೂಗು ಹಾಕಿದ್ರೆ ದೋಣಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರೋದು, ಆಮೇಲೆ ಎರಡೂ ತುದಿಗೆ ಜನ ನಿಂತು "ಐಸಾ" ಹೇಳ್ತಾ ಗಂಟೆಗಟ್ಟಲೆ ಎಳೆಯೋದು. ಐವತ್ತು ಅರವತ್ತು ಜನ, ಕೆಲವೊಮ್ಮೆ ಇನ್ನೂ ಜಾಸ್ತಿ. 1970ರ ದಶಕದಲ್ಲಿ ಪರ್ಸಿನ್ ಬೋಟ್ ಬಂತು, ಮೀನು ದಡಕ್ಕೆ ಬರೋ ಮುಂಚೇನೇ ಕಡಲಲ್ಲೇ ಸುತ್ತು ಹಾಕಿ ಎತ್ತೋದು, ದೊಡ್ಡ ರಂಪಣಿ ಅಲ್ಲಿಗೆ ಮುಗೀತು, ಈಗ ಅಲ್ಲಲ್ಲಿ ಕೈರಂಪಣಿ ಉಳಿದಿದೆ. ಅಪ್ಪಯ್ಯನೂ ಆಮೇಲೆ ಪರ್ಸಿನ್ ಬೋಟಿಗೇ ಹೋದವ್ರು, ಅದರ ಬಗ್ಗೆ ಅವ್ರಿಗೆ ಬೇಜಾರೇನೂ ಇಲ್ಲ, ನಮ್ಮನ್ನ ಓದಿಸಿದ್ದೇ ಆ ದುಡ್ಡಲ್ಲಿ.

"ಕಾಣ್ ಮಗಾ" ಅಂತ ಒಬ್ಬನನ್ನ ತೋರಿಸಿದ್ರು. "ಇಂವ ಎಳೂದಿಲ್ಲೆ. ಬರೀ ಹಗ್ಗ ಹಿಡ್ಕಂಡ್ ನಿಂತಿದ."

ನಾನು ನೋಡಿದೆ, ನಂಗೆ ಎಲ್ರೂ ಒಂದೇ ಥರ ಎಳೆಯೋ ಹಾಗೇ ಕಂಡ್ರು.

"ಕಾಲ್ ಕಾಣ್. ಎಳೂವನ ಹಿಮ್ಮಡಿ ಮರಳಂಗೆ ಹುಗಿತ್ತ್. ಇವ್ನದ್ದ್ ಹುಗಿಲಿಲ್ಲೆ. ಹೀಂಗಿದ್ದರ್ ಎಲ್ಲಾ ಬಲಿಯಂಗೂ ಒಬ್ಬ ಇರ್ತ."

ಹೆಂಡ್ತಿ ಆಗ ಬಂದ್ಲು, ನೀವಿಬ್ರೂ ಇನ್ನೂ ಇಲ್ಲೇ ಇದೀರಾ, ಮೇನ್ ಪೇಂಟಿಂಗ್ ಒಳಗಿದೆ ಬನ್ನಿ ಅಂತ ಎಳ್ಕೊಂಡು ಹೋದ್ಲು. ಒಳಗಿರೋದು 1893ರದ್ದು, ಪೋಸ್ಟ್‌ಕಾರ್ಡು, ಕಪ್ಪು, ಟವೆಲ್ಲು, ಚಾಕಲೇಟ್ ಡಬ್ಬ ಎಲ್ಲದರ ಮೇಲೂ ಇರೋ ಚಿತ್ರ. ದಕ್ಷಿಣದ ದಡದಲ್ಲಿ ಇಬ್ರು ಹೆಂಗಸರು ಬಿಳಿ ಬಟ್ಟೆ ಹಾಕ್ಕೊಂಡು ಬೆನ್ನು ತೋರಿಸಿ ನಡ್ಕೊಂಡು ಹೋಗ್ತಾ ಇದಾರೆ, ಒಬ್ಬಳು ಅನಾ ಆಂಕರ್, ಇನ್ನೊಬ್ಬಳು ಕ್ರೊಯರನ ಹೆಂಡ್ತಿ, ಹೆಸರು ಮರಿ. ಬಾಕಿ ಎಲ್ಲಾ ನೀಲಿ. ಕಡಲು ನೀಲಿ, ಆಕಾಶ ನೀಲಿ, ಮರಳೂ ಒಂಥರಾ ನೀಲಿ, ಕಡಲು ಎಲ್ಲಿ ಮುಗೀತು ಆಕಾಶ ಎಲ್ಲಿ ಶುರುವಾಯ್ತು ಗೊತ್ತಾಗಲ್ಲ. ಹೆಂಡ್ತಿ ಅದರ ಮುಂದಿನ ಬೆಂಚಲ್ಲಿ ಕೂತು ಅರ್ಧ ಗಂಟೆ ಏಳ್ಲಿಲ್ಲ, ನನಗೂ, ನಿಜ ಹೇಳಬೇಕಂದ್ರೆ, ಪ್ರಿಂಟಲ್ಲಿ ನೋಡಿದ್ದೆಲ್ಲ ಮೋಸ ಅನ್ನಿಸ್ತು, ಪ್ರಿಂಟಲ್ಲಿ ಅದು ತಣ್ಣಗಿರತ್ತೆ, ಇಲ್ಲಿ ಮರಳಿಂದ ಹಗಲಿನ ಬಿಸಿ ಇನ್ನೂ ಹೋಗಿಲ್ಲ ಅನ್ನೋ ಹಾಗಿದೆ.

ಅಪ್ಪಯ್ಯ ಮಾತ್ರ, "ಜನ ಎಲ್ಲ ಎಲ್ಲಿಗ್ ಹೋಯ್ರ್?"

ಯಾವ ಜನ ಅಂದೆ. "ಬಲಿ ಎಳೂವರ್."

ಆಮೇಲೆ ಕೋಣೆ ಕೋಣೆ ಸುತ್ತುವಾಗ ಅದೇ ತಲೇಲಿ ಕೂತ್ಬಿಡ್ತು. 1880ರ ದಶಕದ ಚಿತ್ರದಲ್ಲೆಲ್ಲ ಮೀನುಗಾರರೇ ಮೀನುಗಾರರು, ಮಿಕಾಯೆಲ್ ಆಂಕರ್ ಅಂತೂ ಅವರನ್ನ ಬಿಟ್ಟು ಬೇರೆ ಕಡೆ ಹೆಚ್ಚು ಹೋಗ್ಲೇ ಇಲ್ಲ, 1896ರ ಒಂದು ಚಿತ್ರದಲ್ಲಿ ಮುಳುಗಿ ಸತ್ತವನನ್ನ ಮನೆಯೊಳಗೆ ಮಲಗಿಸಿ ಸುತ್ತ ಅವನ ಜೊತೆಯವರು ನಿಂತಿದಾರೆ, ಅಪ್ಪಯ್ಯ ಅದನ್ನ ನೋಡಿದವ್ರೇ ಮುಂದೆ ಹೋಗಿಬಿಟ್ರು, ಒಂದು ಮಾತೂ ಇಲ್ಲ. ಕ್ರೊಯರ್ ಕೂಡ ಮೊದಲು ಹಾಗೇ, ಸಂಜೆ ಕಡಲಿಗೆ ಹೊರಡೋರು, ಬಲೆ ಎಳೆಯೋರು. 1890ರಲ್ಲಿ ಈ ಊರಿಗೆ ರೈಲು ಬಂತು, ಬೇಸಿಗೆ ಕಳೆಯೋ ಪೇಟೆ ಜನ ಬಂದ್ರು. ತೊಂಬತ್ತರ ನಂತರದ ಕ್ರೊಯರನ ಮುಸ್ಸಂಜೆಗಳಲ್ಲಿ ಹೆಂಡ್ತಿ, ಗೆಳತಿ, ನಾಯಿ, ತಾನು. 1899ರದ್ದೊಂದಿದೆ, ಅದಿರೋದು ಕೋಪನ್‌ಹೇಗನ್‌ನಲ್ಲಿ, ಬೆಳದಿಂಗಳಲ್ಲಿ ಗಂಡ ಹೆಂಡ್ತಿ ಮತ್ತೆ ಅವರ ನಾಯಿ ರಾಪ್. ಅದೇ ಮರಳು, ಅದೇ ನೀರು, ಕೆಲಸ ಮಾಡೋರು ಮಾತ್ರ ಫ್ರೇಮಿಂದ ಆಚೆ. ಬೈಯ್ತಾ ಇಲ್ಲ ನಾನು, ಅವನ ಕಣ್ಣೇ ಕಣ್ಣು. ಆದ್ರೆ ಅಪ್ಪಯ್ಯ ಕೇಳದಿದ್ರೆ ನಂಗೆ ಇದು ಹೊಳೀತಾನೂ ಇರ್ಲಿಲ್ಲ.

ರಾತ್ರಿ ಎಂಟೂವರೆಗೆ ಮಳೆ ನಿಂತಿತು, ಮೋಡ ಒಡೀತು. ಒಂಬತ್ತೂವರೆಗೆ ಸೊಂಡರ್‌ಸ್ಟ್ರಾಂಡ್, ಆ ಇಬ್ರು ಹೆಂಗಸರು ನಡೆದ ದಕ್ಷಿಣದ ದಡಕ್ಕೇ ಹೋದ್ವಿ, ಹಿಂದಿನ ದಿನದ ಗುಂಪಿಲ್ಲ, ನಾಯಿ ಕರ್ಕೊಂಡು ಬಂದಿದ್ದ ಒಬ್ಬ ಮುದುಕ ಬಿಟ್ರೆ ನಾವೇ. ಅವನು ನಮ್ಮನ್ನ ನೋಡಿ, ಸನ್‌ಸೆಟ್ ನೋಡೋಕೆ ತಪ್ಪು ಕಡೆ ಬಂದಿದೀರಿ ಅಂತ ಇಂಗ್ಲಿಷಲ್ಲಿ ಹೇಳಿದ. ಹೆಂಡ್ತಿ, ಇಲ್ಲ ಕ್ರೊಯರನ ಕಡೆ ಬಂದಿದೀವಿ ಅಂದ್ಲು. ಅವನು ನಕ್ಕು, ಹಾಗಾದ್ರೆ ಇನ್ನೂ ಒಂದು ಗಂಟೆ ಕಾಯಿರಿ, ಸೂರ್ಯನ ಕಡೆ ತಿರುಗಬೇಡಿ ಅಂದು ಹೋದ.

ಆಗಲೇ ಅರ್ಥ ಆಗಿದ್ದು. ಈ ದಡ ಪೂರ್ವದ ಕಡಲಿಗೆ ಮುಖ ಮಾಡಿದೆ. ಸೂರ್ಯ ಮುಳುಗೋದು ನಮ್ಮ ಬೆನ್ನ ಹಿಂದೆ, ಮರಳು ದಿಬ್ಬದ ಆಚೆ. ಕೆಂಪೆಲ್ಲ ಹಿಂದೆ ಆಗಿ ಹೋಗತ್ತೆ, ಎದುರಿನ ಕಡಲಿಗೆ ಸಿಗೋದು ಉಳಿದ ಬೆಳಕು ಮಾತ್ರ. ನಾವು ಗಂಗೊಳ್ಳಿಯವ್ರು ಹುಟ್ಟಿದಾಗಿಂದ ಪಡುವಣ ಕಡಲನ್ನ ನೋಡಿದವ್ರು, ಸಂಜೆ ಅಂದ್ರೆ ಎದುರಿಗೆ ಕೆಂಪು, ಅಷ್ಟೇ ಗೊತ್ತು. ಕಡಲಿಗೆ ಎದುರಾಗಿ, ಸೂರ್ಯನಿಗೆ ಬೆನ್ನು ಹಾಕಿ ಸಂಜೆ ನೋಡಬಹುದು ಅಂತ ನಮ್ಮ ದಡದಲ್ಲಿ ಯಾರಿಗೂ ಹೊಳೆಯೋದೇ ಇಲ್ಲವಲ್ಲ!

ಇನ್ನೊಂದು, ಈ ಸಂಜೆ ಮುಗಿಯೋದೇ ಇಲ್ಲ. ನಮ್ಮಲ್ಲಿ ಸೂರ್ಯ ಬಾವಿಗೆ ಬಿಟ್ಟ ಕೊಡಪಾನದ ಹಾಗೆ ನೇರ ಇಳೀತಾನೆ, ಅರ್ಧ ಗಂಟೇಲಿ ಕತ್ತಲೆ. ಇಲ್ಲಿ ಓರೆಯಾಗಿ, ದಿಗಂತಕ್ಕೆ ಸವರಿಕೊಂಡು ಜಾರ್ತಾನೆ, ಮುಳುಗಿದ ಮೇಲೂ ತುಂಬಾ ಕೆಳಗೆ ಹೋಗಲ್ಲ, ಜೂನಲ್ಲಿ ಪೂರ್ತಿ ಕತ್ತಲೆ ಅನ್ನೋದೇ ಇಲ್ಲ. ಹನ್ನೊಂದು ಗಂಟೆ ಹೊತ್ತಿಗೆ ಬೂದಿ ಬಣ್ಣ ಇದ್ದದ್ದು ಮೆಲ್ಲಗೆ ನೀಲಿಗೆ ತಿರುಗಿತು, ಯಾವಾಗ ತಿರುಗಿತು ಅಂತ ಹೇಳೋಕಾಗಲ್ಲ, ಮಗು ಯಾವಾಗ ನಿದ್ದೆ ಹೋಯ್ತು ಅಂತ ಹೇಳೋಕಾಗಲ್ವಲ್ಲ ಹಾಗೆ. ಹೆಂಡ್ತಿ ಮೊಬೈಲ್ ಟಾರ್ಚಲ್ಲಿ ಬಣ್ಣ ಕಲಸಿದ್ಲು, ಟಾರ್ಚ್ ಹಚ್ಚಿದ್ರೆ ನೀಲಿ ಕಾಣಲ್ಲ, ಆರಿಸಿದ್ರೆ ಪೇಪರ್ ಕಾಣಲ್ಲ. ಗಾಳೀಲಿ ಎಷ್ಟು ತೇವ ಅಂದ್ರೆ ಮೊದಲ ವಾಶ್ ಒಣಗ್ಲೇ ಇಲ್ಲ, ಅದರ ಮೇಲೆ ಮರಳು ಬಂದು ಕೂತ್ಕೊಂಡ್ತು. ಕ್ರೊಯರ್ ಹೇಗೆ ಮಾಡ್ತಿದ್ನೋ ಅಂತ ಗೊಣಗ್ತಾ ಇದ್ಲು. ಅವನು ಸುಮ್ಮನೆ ನೋಡಿ ಮನೆಗೆ ಹೋಗಿ ಬರೆದವನಲ್ಲ, ಕ್ಯಾಮೆರಾನೂ ಇಟ್ಕೊಂಡಿದ್ದ, ಫೋಟೋ ತೆಗೆದು ರೆಫರೆನ್ಸ್ ಮಾಡ್ತಿದ್ದ, ಅಂತ ನಾನಂದೆ, ಸಮಾಧಾನಕ್ಕೆ. ಅದು ಸಮಾಧಾನ ಆಗ್ಲಿಲ್ಲ.

ಅಪ್ಪಯ್ಯ ನೀರಿನಂಚಲ್ಲಿ ಕೂತು ಕಡಲನ್ನೇ ನೋಡ್ತಿದ್ರು. ಹೇಗಿದೆ ಅಂದೆ. "ಇಷ್ಟ್ ಹೊತ್ತ್ ಬೆಳಕ್ ಇದ್ರೆ ಬೂತಾಯಿ ಹಿಡೂಕಾತಿಲ್ಲೆ" ಅಂದ್ರು. ಊರಲ್ಲಿ ಅಮಾವಾಸ್ಯೆ ಕತ್ತಲಲ್ಲಿ ಮೀನಿನ ಹಿಂಡು ಅಲ್ಲಾಡಿದ್ರೆ ನೀರು ಮಿಣಮಿಣ ಹೊಳೆಯತ್ತೆ, ಅದನ್ನ ನೋಡೇ ರಾತ್ರಿ ಪರ್ಸಿನ್ ಬಲೆ ಬಿಡೋದು, ಅವ್ರ ಕಡಲಿಗೆ ಕತ್ತಲೆ ಬೇಕೇ ಬೇಕು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ತಾವಾಗೇ, "ಆದ್ರೂ ಚಂದ ಇತ್ತ್" ಅಂದ್ರು.

ಮೂರನೇ ದಿನ, ಸೋಮವಾರ

ಐದೂವರೆಗೆ ಎಚ್ಚರ ಆಗಿ ನೋಡಿದ್ರೆ ಅಪ್ಪಯ್ಯನ ಹಾಸಿಗೆ ಖಾಲಿ. ಫೋನು ಟೇಬಲ್ ಮೇಲೇ ಇದೆ. ಜೀವ ಬಾಯಿಗೆ ಬಂತು. ಇಲ್ಲಿ ಬೆಳಗಾಗೋದು ನಾಲ್ಕೂ ಕಾಲಿಗೆ, ಅವರಿಗೆ ಬೆಳಕಾದ್ರೆ ಎದ್ದು ಹೋಗಿಯೇ ಅಭ್ಯಾಸ, ಪರದೆ ಸರಿಯಾಗಿ ಹಾಕದೆ ಮಲಗಿದ್ದು ನಮ್ಮ ತಪ್ಪು. ಇಬ್ರೂ ಎರಡು ದಿಕ್ಕಿಗೆ ಓಡಿದ್ವಿ, ನಾನು ಬೀಚಿಗೆ, ಅವಳು ಪೇಟೆಗೆ, ಯೋಚನೆ ಮಾಡಿದ್ರೆ ಎರಡೂ ಪೆದ್ದುತನ, ಅಪ್ಪಯ್ಯ ಬೆಳಿಗ್ಗೆ ಎದ್ದು ಹೋಗೋ ಜಾಗ ಜಗತ್ತಲ್ಲಿ ಒಂದೇ.

ಬಂದರಲ್ಲಿ, ದೊಡ್ಡ ಹಡಗುಗಳ ಆಚೆ, ಸಣ್ಣ ಬೋಟುಗಳು ನಿಲ್ಲೋ ಕಡೆ ಒಂದು ಪ್ಲಾಸ್ಟಿಕ್ ಬಾಕ್ಸ್ ಮಗುಚಿ ಹಾಕಿ ಕೂತಿದ್ರು. ಎದುರಿಗೆ ಕಿತ್ತಳೆ ಡಾಂಗ್ರಿ ಹಾಕಿದ ಅರವತ್ತರ ಆಸುಪಾಸಿನ ಒಬ್ಬ, ಇಬ್ಬರ ನಡುವೆ ಹಸಿರು ಬಲೆ. ಅಪ್ಪಯ್ಯನ ಕೈಯಲ್ಲಿ ಬಲೆ ಹೆಣೆಯೋ ಸೂಜಿ! ಅವನಿಗೆ ಕನ್ನಡ ಬರಲ್ಲ, ಇವರಿಗೆ ಕನ್ನಡ ಬಿಟ್ಟು ಬೇರೇನೂ ಬರಲ್ಲ, ಒಂದು ಗಂಟೆಯಿಂದ ಕೂತಿದ್ರಂತೆ. ಬೈಯೋಕೆ ಅಂತ ಬಾಯಿ ತೆಗೆದೆ, "ಗಂಟ್ ಒಂದೇ ಮಗಾ. ಇವ ಎಡಗೈಯವ, ಅಷ್ಟೇ" ಅಂದ್ರು. ಆ ಮನುಷ್ಯ ಇಂಗ್ಲಿಷಲ್ಲಿ ನಂಗೆ ಹೇಳಿದ್ದೇನು ಅಂದ್ರೆ, ನಿಮ್ಮ ತಂದೆ ಬಂದು ಐದು ನಿಮಿಷ ನಿಂತು ನೋಡಿದ್ರು, ಆಮೇಲೆ ನಾನು ಬಿಟ್ಟ ತೂತು ತೋರಿಸಿದ್ರು. ಅವನ ಅಜ್ಜನ ಕಾಲದಲ್ಲಿ ಇಲ್ಲಿ ಬಂದರೇ ಇರ್ಲಿಲ್ಲ, ಬೋಟೆಲ್ಲ ಮರಳ ಮೇಲೆ ಎಳೆದು ನಿಲ್ಲಿಸ್ತಿದ್ರಂತೆ. 1907ರಲ್ಲಿ ಬಂದರು ಆದ ಮೇಲೆ ದಡ ಖಾಲಿಯಾಯ್ತು. ಹಿಂದಿನ ದಿನ ಅಪ್ಪಯ್ಯ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿ ಸಿಕ್ತು, ಚಿತ್ರಕಾರರು ಒಬ್ರೇ ಅಲ್ಲ, ಬಲೆ ಎಳೆಯೋರೂ ದಡ ಬಿಟ್ಟು ಈ ಕಡೆ ಬಂದ್ರು. ಅವನು ಫ್ಲಾಸ್ಕಿಂದ ಕಾಫಿ ಕೊಟ್ಟ, ಹಾಲಿಲ್ಲ ಸಕ್ಕರೆ ಇಲ್ಲ, ಅಪ್ಪಯ್ಯ ಒಂದು ಹನಿ ಬಿಡದೆ ಕುಡಿದ್ರು. ಹೆರಿಂಗ್‌ಗೆ ತೋರಿಸದ ದಾಕ್ಷಿಣ್ಯ.

ಮಧ್ಯಾಹ್ನ ಗ್ರೆನೆನ್, ನೆಲದ ತುದಿ. ಪಾರ್ಕಿಂಗ್‌ನಿಂದ ಮರಳಲ್ಲಿ ಅರ್ಧ ಗಂಟೆ ನಡೆಯಬೇಕು, ಇಲ್ಲಾಂದ್ರೆ ಟ್ರ್ಯಾಕ್ಟರ್ ಎಳೆಯೋ ಬಸ್ಸಿದೆ, ಹೆಸರು ಸಾಂಡ್‌ಓರ್ಮೆನ್, ಮರಳ ಹುಳ ಅಂತ. ಹವಾಯಿ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಅಪ್ಪಯ್ಯ ನಡೆದೇ ಬಂದ್ರು, ನಾವಿಬ್ರು ಹುಳದಲ್ಲಿ ಹೋದ್ವಿ. ತುದೀಲಿ ಎರಡು ಕಡಲು ಎದುರುಬದುರು ಬಂದು ಹೊಡ್ಕೊಳ್ತವೆ, ಒಂದು ಕಾಲು ಸ್ಕಾಗೆರಾಕ್‌ನಲ್ಲಿ ಇನ್ನೊಂದು ಕಾಟೆಗಾಟ್‌ನಲ್ಲಿ ಇಟ್ಟು ಎಲ್ರೂ ಫೋಟೋ. ಈಜೋದು ನಿಷೇಧ. ಅಪ್ಪಯ್ಯ ಫೋಟೋಗೆ ನಿಲ್ಲೋಕೇ ಒಪ್ಪಲಿಲ್ಲ, "ಅಳಿವೆ ಬಾಯಂಗೆ ನಿಂತ್ಕಂಡ್ ನಗಾಡೂದಾ" ಅಂದ್ರು. ಐದು ಹೊಳೆ ಕಡಲು ಸೇರೋ ನಮ್ಮ ಗಂಗೊಳ್ಳಿ ಅಳಿವೇಲಿ ದೋಣಿ ಮಗುಚಿದ್ದನ್ನ ಅವ್ರು ಕಣ್ಣಾರೆ ನೋಡಿದವ್ರು. ಬರುವಾಗ ಹಳೇ ದೀಪಸ್ತಂಭದ ಮಾದರಿ ಒಂದಿದೆ, ದಪ್ಪ ಮರದ ತುದಿಗೆ ಕಬ್ಬಿಣದ ಬುಟ್ಟಿ, ಅದರಲ್ಲಿ ಕಲ್ಲಿದ್ದಲು ಉರಿಸಿ ಮೇಲಕ್ಕೆತ್ತೋದು. ನೋಡಿದ್ರೆ ನಮ್ಮ ತೋಟದ ಏತ, ನೀರಿನ ಬದಲು ಬೆಂಕಿ.

ಮರಳಲ್ಲಿ ಹೂತ ಚರ್ಚಿಗೂ ಹೋದ್ವಿ. ಕಾಡು ಕಡಿದು, ದನ ಕುರಿ ಮೇಯಿಸಿ ಮರಳು ಸಡಿಲಾಗಿ ಗಾಳಿಗೆ ಹಾರಿ ಬಂದು ಮುಚ್ಚಿ, ಪೂಜೆಗೆ ಬರೋರು ಪ್ರತಿ ಸಲ ಅಗೆದು ಒಳಗೆ ಹೋಗೋ ಹಾಗಾಗಿ, ಕೊನೆಗೆ 1795ರಲ್ಲಿ ಬಾಗಿಲು ಹಾಕಿದ್ರು, ಈಗ ಬಿಳೀ ಗೋಪುರ ಒಂದೇ ಮರಳ ಮೇಲೆ ನಿಂತಿದೆ. ನಮ್ಮ ಕಡೆ ಕಡಲು ನೆಲ ತಿಂದ್ರೆ ಇಲ್ಲಿ ಮರಳು ತಿಂದಿದೆ. ಸೊಳ್ಳೆ ಜಾಸ್ತಿ ಇತ್ತು, ಹತ್ತು ನಿಮಿಷಕ್ಕೆ ಓಡಿ ಬಂದ್ವಿ.

ಸಂಜೆ ಸಾಂಕ್ಟ್ ಹಾನ್ಸ್. ಬೀಚಲ್ಲಿ ಸೌದೆ ರಾಶಿ, ಅದರ ಮೇಲೆ ಹಳೇ ಬಟ್ಟೆಯ ಮಾಟಗಾತಿ ಗೊಂಬೆ. ನಮ್ಮ ಕಾಮನ ಸುಟ್ಟ ಹಾಗೇ ಅಂತ ಹೆಂಡ್ತಿ ಖುಷಿಯಾದ್ಲು, ಅವಳ ಊರಲ್ಲಿ ಅದು ಜೋರು. ಗಾಳಿ ಬಿರುಸಿದ್ದದ್ದಕ್ಕೆ ಹಚ್ಚೋದೋ ಬೇಡವೋ ಅಂತ ಮುಕ್ಕಾಲು ಗಂಟೆ ಚರ್ಚೆ ಆಯ್ತು, ಕೊನೆಗೆ ಹಚ್ಚಿದ್ರು. ಎಲ್ರೂ ಸೇರಿ ಹಾಡಿದ ಹಾಡು ಹೋಲ್ಗರ್ ದ್ರಾಕ್‌ಮನ್ ಬರೆದದ್ದು, ಅವನೂ ಇದೇ ಗುಂಪಿನವ, ಕವಿ, ಕಡಲಿನ ಚಿತ್ರಗಳನ್ನೂ ಬರೀತಿದ್ದ, ಗ್ರೆನೆನ್ ದಿಬ್ಬದಲ್ಲೇ ಅವನ ಸಮಾಧಿ. ಕ್ರೊಯರ್ ಈ ಬೆಂಕಿಯನ್ನೂ ಬರೆದಿದಾನೆ, 1906ರಲ್ಲಿ, ಅವನ ಕೊನೇ ದೊಡ್ಡ ಚಿತ್ರಗಳಲ್ಲಿ ಒಂದು. ಆಗ ಆರೋಗ್ಯ ಕೆಟ್ಟಿತ್ತು, ಕಣ್ಣೂ ಸೋತಿತ್ತು, ಹೆಂಡ್ತಿ ಮರಿ ಅವನನ್ನ ಬಿಟ್ಟು ಸ್ವೀಡನ್ನಿನ ಸಂಗೀತಗಾರನ ಜೊತೆ ಹೋಗಿ ಆಗಿತ್ತು, ಆದ್ರೂ ಆ ಚಿತ್ರದಲ್ಲಿ ಬಲಗಡೆ ಬೋಟಿಗೆ ಒರಗಿ ನಿಂತ ಆ ಇಬ್ಬರನ್ನೂ ಸೇರಿಸಿದಾನೆ. ಯಾಕೋ ಏನೋ. ಬೆಂಕಿ ಸುತ್ತ ಇಡೀ ಊರೇ ಇದೆ ಅದರಲ್ಲಿ, ದೊಡ್ಡವರು, ಮಕ್ಕಳು, ಚಿತ್ರಕಾರರು ಎಲ್ಲ.

ಬೆಂಕಿ ಇಳಿಯೋ ಹೊತ್ತಿಗೆ ಆ ನೀಲಿ ಮತ್ತೆ ಬಂತು. ಕೆಂಡದ ಕೆಂಪಿನ ಹಿಂದೆ ನೀಲಿ ಕಡಲು, ದೂರದಲ್ಲಿ ಬಂದರಿಂದ ಒಂದು ಬೋಟ್ ದೀಪ ಹಾಕ್ಕೊಂಡು ಹೊರಟಿತ್ತು. ಬೆಳಗಿನ ಬಲೆಯವನದ್ದೇ ಇರಬೇಕು ಅಂತ ಅಪ್ಪಯ್ಯ, ಹೇಗೆ ಗೊತ್ತು ಅಂದ್ರೆ, ಹೋಪುದ್ ಇವತ್ತ್ ಅಂತ ಕೈಯಂಗೆ ಹೇಳಿದ್ದ, ಅಂದ್ರು. ಹೆಂಡ್ತಿ ಈ ಸಲ ಟಾರ್ಚ್ ಹಚ್ಚಲಿಲ್ಲ, ಕಾಣದೇನೇ 5 ನಿಮಿಷ ಬ್ರಶ್ ಆಡಿಸಿ ಮುಚ್ಚಿಟ್ಲು.

ನಾಲ್ಕನೇ ದಿನ

ಹೊರಡೋ ಮುಂಚೆ ಮ್ಯೂಸಿಯಂ ಅಂಗಡಿಗೆ ಹೋದ್ವಿ. ಅಪ್ಪಯ್ಯಂಗೆ ನಾನು ಆ ಇಬ್ರು ಹೆಂಗಸರ ಚಿತ್ರದ ಫ್ರಿಜ್ ಮ್ಯಾಗ್ನೆಟ್ ತೋರಿಸಿದೆ, ಅವ್ರು ಕಣ್ಣೆತ್ತಿಯೂ ನೋಡ್ಲಿಲ್ಲ, ರ‍್ಯಾಕಿನ ಕೆಳಗಿನ ಸಾಲಿಂದ ಬಲೆ ಎಳೆಯೋರ ಪೋಸ್ಟ್‌ಕಾರ್ಡ್ ಹುಡುಕಿ ನಾಲ್ಕು ತಗೊಂಡ್ರು. ನಾಲ್ಕು ಯಾಕೆ ಅಂದ್ರೆ, ಜೊತೆಗೆ ರಂಪಣಿ ಎಳೆದವರು ಊರಲ್ಲಿ ಇನ್ನು ನಾಲ್ಕೇ ಜನ ಉಳಿದಿದಾರಂತೆ. ಹೆಂಡ್ತಿಯ ಕತ್ತಲಲ್ಲಿ ಮಾಡಿದ ಚಿತ್ರ ಬೆಳಕಲ್ಲಿ ನೋಡಿದ್ರೆ ನೀಲಿ ಅಂದ್ಕೊಂಡಿದ್ದು ಅರ್ಧ ನೇರಳೆ, ಅದೇ ಚೆನ್ನಾಗಿದೆ ಅಂತ ಈಗ ಫ್ರೇಮ್ ಹಾಕಿದಾಳೆ, ಅಂಟಿದ ಮರಳೂ ಹಾಗೇ ಇದೆ.

ಅಪ್ಪಯ್ಯ ಜುಲೈ ಮಧ್ಯದಲ್ಲಿ ವಾಪಸ್ ಹೋದ್ರು. ಮೊನ್ನೆ ಆಗಸ್ಟಲ್ಲಿ ಸೀಸನ್ ಶುರುವಾದ ಮೇಲೆ ಫೋನ್ ಮಾಡಿದ್ರು, ಮೀನು ಹೇಗೆ ಅಂತ ಕೇಳೋ ಮುಂಚೇನೇ ಅವರದ್ದೇ ಶುರು, ಪೋಸ್ಟ್‌ಕಾರ್ಡ್ ಕೊಟ್ಟಾಯ್ತು, ಬಂದರ ಕಟ್ಟೆ ಮೇಲೆ ನಾಲ್ಕೂ ಜನ ಕನ್ನಡಕ ಹಾಕ್ಕೊಂಡು ನೋಡಿದ್ರಂತೆ.

"ನಾ ಎಂತ ಹೇಳಲಿಲ್ಲೆ ಮಗಾ, ಸುಮ್ನೆ ಕೊಟ್ಟೆ. ನಾಲ್ಕೂ ಜನ ಅವನ್ನೇ ತೋರ್ಸಿರ್, ಇಂವ ಎಳೂದಿಲ್ಲೆ ಅಂದೇಳಿ."